ನೀಲಗಿರಿಯ ಬಡಗರು



ಮೈಸೂರಿನಿಂದ ಉದಕಮಂಡಲಕ್ಕೆ ಹೋಗತಕ್ಕವರು ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಗುಂಡ್ಲುಪೇಟೆ ಬಂಡೀಪುರಗಳ ಮಾರ್ಗವಾಗಿ ಬೆಟ್ಟವನ್ನೇರುತ್ತಾರೆ. ಮೋಟಾರಿನ ಸೌಕರ್ಯವಿಲ್ಲದ ಕಾಲದಲ್ಲಿ ನಮ್ಮ ಈ ಸೀಮೆಯ ಒಕ್ಕಲುಮಕ್ಕಳು ಕೆಲವರು ಅದೇ ಬೆಟ್ಟಕ್ಕೆ ಹೋಗಿ ಅಲ್ಲಿಯೇ ನೆಲಸಿದರು. ಅವರೇ ಬಡಗರು. ಬಡಗು ಎಂದರೆ ಉತ್ತರ ದಿಕ್ಕು. ಬೆಟ್ಟದ ಮೊದಲಿನ ನಿವಾಸಿಗಳಿಗೆ ಇವರು ಬಡಗಲಿಂದ ಬಂದವರು.

ಬಂದುದೇಕೆ? ಅರಸನೊಬ್ಬನು ತಮ್ಮ ತಂಗಿಯನ್ನು ಬಲಾತ್ಕಾರದಿಂದ ಒಯ್ಯಲೆಳಸಲು ಏಳು ಮಂದಿ ಅಣ್ಣಂದಿರು ಅವಳೊಡನೆ ಓಡಿಬಂದರೆಂದು ಅವರ ಐತಿಹ್ಯ. 1565ರಲ್ಲಿ ವಿಜಯನಗರವು ಕುಸಿದ ತರುವಾಯದ ಅರಾಜಕತೆಯೇ ಕಾರಣವೆಂದು ಪಾಲ್ ಹಾಕಿಂಗ್ಸ್ ಎಂಬ ವಿದ್ವಾಂಸರ ಮತ. 1603ರಲ್ಲಿ ಬೆಟ್ಟವನ್ನು ಹತ್ತಿದ ಫೆನಿಚಿಯೋ ಎಂಬ ಪಾದ್ರಿಯು ತೊದವರೊಡನೆ ಬಡಗರನ್ನೂ ಹೆಸರಿಸಿರುವುದರಿಂದ, ಅಷ್ಟರಲ್ಲಿ ಅವರು ಅಲ್ಲಿ ಬೇರೂರಿದ್ದುದು ನಿಶ್ಚಯ.

ಪುರಾತನ ಗ್ರೀಕರು ಹೊಸ ಪಟ್ಟಣವನ್ನು ಕಟ್ಟಲು ಹಡಗೇರುವಾಗ ತವರು ಪಟ್ಟಣದ ಪವಿತ್ರಾಗ್ನಿಯನ್ನು ಜೊತೆಯಲ್ಲಿ ಒಯ್ಯುತ್ತಿದ್ದರಂತೆ. ಬಡಗರು ಒಯ್ದುದು ಮಾತನ್ನು. ಇಂದಿಗೂ ಅವರ ಊರು ಹಟ್ಟಿ, ಉತ್ಸವ ಹಬ್ಬ. ಡಿಸೆಂಬರ್ ಜನವರಿಗಳಲ್ಲಿ ಬೇರಗಣಿ ಮೊದಲಾದೆಡೆಗಳಲ್ಲಿ ನಡೆಯುವ ಹೆತ್ತೆ ಹಬ್ಬಕ್ಕೆ ಶುಭ್ರವಸ್ತ್ರವನ್ನುಟ್ಟು ನೆರೆಯುವ ಜನಸ್ತೋಮವು ಪೂಜಿಸುವುದು ಕುಲದ ಮೂಲಮಾತೆಯನ್ನೇ. ಹೆತ್ತೆ ಎಂಬ ಹೆಸರನ್ನು ಯಾವ ಕನ್ನಡಿಗನಿಗೆ ಬಿಡಿಸಿ ಹೇಳಬೇಕು?

ಆದರೂ ನಮ್ಮಲ್ಲಿ ಅನೇಕರು ಇದನ್ನು ಕೆಟ್ಟುಹೋದ ಕನ್ನಡವೆನ್ನುತ್ತಾರೆ. ಇದು ಅಜ್ಞಾನದ ಮಾತು. 1939ರಲ್ಲಿ ಎಮೆನೊ ಎಂಬ ಭಾಷಾಶಾಸ್ತ್ರಜ್ಞರು ಅಲ್ಲಿಯ ಸ್ವರಗಳನ್ನು ವಿವರಿಸಿದರು. ಬಾಯಿ, ಬಳೆ, ಬೆಳೆ ಎಂಬ ನಮ್ಮ ಮೂರು ಶಬ್ದಗಳು ಅಲ್ಲಿ 'ಬೇ' ಎಂಬ ಒಂದೇ ಆಕಾರಕ್ಕೆ ಬಂದಿವೆ; ಆದರೆ ಸ್ವರವನ್ನು ನುಡಿಯುವಾಗ ನಾಲಗೆಯು ಮಡಿಯದೆ, ತುಸು ಮಡಿದು, ಹೆಚ್ಚು ಮಡಿದು ಅರ್ಥವನ್ನು ಬೇರ್ಪಡಿಸುತ್ತದೆ. ನಾವು ವ್ಯಂಜನದಿಂದ ಮಾಡುವ ಕೆಲಸವನ್ನು ಅವರು ಸ್ವರದಿಂದ ಮಾಡಿದರು. ಇಂಥ ಸೂಕ್ಷ್ಮತೆ ಜಗತ್ತಿನ ಭಾಷೆಗಳಲ್ಲಿಯೇ ಅತಿವಿರಳ.

ಲಿಪಿಯ ವಿಚಾರವು ಅಷ್ಟು ಸಂತೋಷಕರವಲ್ಲ. ಬಾಸೆಲ್ ಮಿಷನ್ನಿನವರು 1890ರಲ್ಲಿ ಮಂಗಳೂರಿನಲ್ಲಿ ಲೂಕನ ಸುವಾರ್ತೆಯನ್ನು ಬಡಗ ನುಡಿಯಲ್ಲಿ ಅಚ್ಚುಹಾಕಿಸಿದ್ದರೂ, ಈಗ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್ ಅಕ್ಷರಗಳನ್ನು, ಬರೆಯುವುದೂ ಅವುಗಳಲ್ಲಿಯೇ. ದಕ್ಷಿಣ ಇಟಲಿಯ ಕೆಲವು ಹಳ್ಳಿಗಳಲ್ಲಿ ಉಳಿದಿರುವ ಗ್ರೀಕ್ ನುಡಿಯೂ ಹೀಗೆಯೇ ರೋಮನ್ ಲಿಪಿಯನ್ನು ಆಶ್ರಯಿಸಿದೆ. 2011ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 1.33 ಲಕ್ಷ. ಸರ್ಕಾರವು ಅವರನ್ನು ಕನ್ನಡದ ಲೆಕ್ಕದೊಳಗೇ ಸೇರಿಸಿತು; ಅವರಲ್ಲಿ ಅನೇಕರು ಅದು ಬೇರೆ ಭಾಷೆಯೆಂದೇ ವಾದಿಸುತ್ತಾರೆ. ನನಗೆ ಅವರ ಪಕ್ಷವೇ ಸರಿಯೆಂದು ತೋರುತ್ತದೆ. ನಾಲ್ಕು ಶತಮಾನ ಬೇರೆ ಒಲೆ ಹೂಡಿದ ತಂಗಿಯ ಮನೆಯನ್ನು ಅಣ್ಣನು ತನ್ನ ಮನೆಯ ಹಿತ್ತಿಲೆನ್ನಲಾಗದು.

ಎಮೆನೊ ಕೇಳಿದ ಆ ಮಡಿದ ಸ್ವರಗಳಾದರೋ ಈಗ ಬಹುಮಟ್ಟಿಗೆ ಮರೆಯಾಗಿವೆ. ನಂಜನಗೂಡಿನಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನಕ್ಕೆ ಆ ಹಟ್ಟಿಗಳನ್ನು ತಲಪಬಹುದು.