ಕಡೆದ ಹೂವು



ಈ ವಾರ್ಷಿಕೋತ್ಸವದಲ್ಲಿ ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದರು. ಮರದ ಹೂವನ್ನು ಕುರಿತು ಮಾತನಾಡಲು ನಾನು ಅನುಮತಿ ಬೇಡಿದೆನು. ಕನ್ನಡ ಪಂಡಿತನಿಗೂ ಮರಗೆಲಸಕ್ಕೂ ಏನು ನಂಟೆಂದು ಅವರು ನಕ್ಕರು. ನಂಟು ಇದೆ, ಅದು ನನ್ನದೊಂದು ತಪ್ಪಿನಿಂದ ಹುಟ್ಟಿದ ನಂಟು.

ಕೆಲವು ವರ್ಷಗಳ ಕೆಳಗೆ ಒಂಬತ್ತನೆಯ ತರಗತಿಗೆ ‘ನಮ್ಮ ಮನೆಯ ಹಿರಿಯರು’ ಎಂಬ ಪ್ರಬಂಧವನ್ನು ಕೊಟ್ಟಿದ್ದೆನು. ಹುಡುಗನೊಬ್ಬನು, “ನಮ್ಮ ತಾತ ಮರ ಕಡೆಯುತ್ತಿದ್ದರು. ಅವರು ಕಡೆದ ಹೂವು ನಮ್ಮ ಮನೆಯಲ್ಲಿದೆ” ಎಂದು ಬರೆದಿದ್ದನು. ನಾನು ಕೆಂಪು ಶಾಯಿಯಲ್ಲಿ ‘ಕಡಿಯುತ್ತಿದ್ದರು’ ಎಂದೂ ‘ಕೊಯ್ದ ಹೂವು’ ಎಂದೂ ತಿದ್ದಿ, ಅಂಚಿನಲ್ಲಿ ‘ಧಾತುದೋಷ’ವೆಂದು ಗುರುತು ಹಾಕಿ, ಎರಡು ಅಂಕಗಳನ್ನು ಕಳೆದೆನು. ತಮಿಳಿನ ನೆರೆಯಲ್ಲಿ ಬೆಳೆದ ಮಕ್ಕಳ ಕನ್ನಡವನ್ನು ಕಾಪಾಡುತ್ತಿರುವೆನೆಂಬ ಹೆಮ್ಮೆಯೂ ಆಗ ನನಗಿತ್ತು. ಹುಡುಗನು ಮರುಮಾತಾಡಲಿಲ್ಲ.

ಅದಾದ ಮೇಲೆ ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋಗಿದ್ದೆನು. ಬೆಂಗಳೂರು–ಮೈಸೂರು ದಾರಿಯ ಆ ಊರಿನ ಬೊಂಬೆಗಳನ್ನು ನೋಡದ ಮನೆ ನಮ್ಮಲ್ಲಿ ವಿರಳ. ಟಿಪ್ಪುವಿನ ಕಾಲದಲ್ಲಿ ಪಾರಸೀಕ ಕುಶಲಿಗರಿಂದ ಆ ಕಲೆ ಅಲ್ಲಿಗೆ ಬಂತೆಂದು ಪ್ರತೀತಿ. 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅದಿರಲಿ. ಕಿರಿದಾದ ಒಂದು ಕೋಣೆಯಲ್ಲಿ ವಯಸ್ಸಾದ ಒಬ್ಬ ಸಾಹೇಬರು ಕೆಲಸಕ್ಕೆ ಕುಳಿತಿದ್ದರು. ಯಂತ್ರಕ್ಕೆ ಕಚ್ಚಿಸಿದ ಬಿಳಿಯ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಅವರು ಉಳಿಯನ್ನು ಆನಿಸಿದೊಡನೆ ಹೊಟ್ಟು ಹಾರಿತು, ಒರಟು ಹೋಯಿತು, ನಡುವೆ ಸೊಂಟ ಮೂಡಿತು, ಮೇಲೆ ತಾವರೆಯ ಮೊಗ್ಗೊಂದು ಎದ್ದಿತು. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ಬೆಂಕಿಯಿಲ್ಲ, ಕುಂಚವಿಲ್ಲ, ತಿಕ್ಕಾಟದ ಕಾವಿಗೇ ಅರಗು ಕರಗಿ ಮರವನ್ನು ಹಿಡಿಯಿತು. ಕೇದಗೆಯ ಗರಿಯಿಂದ ಒತ್ತಿ ಸವರಿದಾಗ ಅದಕ್ಕೆ ಕನ್ನಡಿಯ ಹೊಳಪು ಬಂದಿತು.

“ಇದು ಮೊಗ್ಗಾಯಿತು ತಾತ, ಎಸಳು ಎಲ್ಲಿ?” ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. ಕೇಳತಕ್ಕ ಪ್ರಶ್ನೆಯೇ. ತಿರುಗುವ ಮರದಲ್ಲಿ ಗುಂಡಗಿನದು ಮಾತ್ರ ಹುಟ್ಟುತ್ತದೆ, ಎಸಳೋ ಗುಂಡಗಿನದಲ್ಲ. ಸಾಹೇಬರು ನಕ್ಕು, ಹಿತ್ತಲಿನಿಂದ ಬೆರಳು ಗಾತ್ರದ ಹಸಿ ಕೊಂಬೆಯೊಂದನ್ನು ಮುರಿದು ತಂದು, ಒಂದು ತುದಿಯನ್ನು ಯಂತ್ರಕ್ಕೆ ಕಚ್ಚಿಸಿ ಮತ್ತೊಂದನ್ನು ಬಿಡುವಾಗಿ ಬಿಟ್ಟರು. ತೊಗಟೆ ಹೆರೆದು, ಹರಿತವಾದ ಉಳಿಯನ್ನು ಓರೆಯಾಗಿಟ್ಟು, ತುದಿಯಿಂದ ಬುಡದ ಕಡೆಗೆ ಮೆಲ್ಲನೆ ನೂಕಿದರು. ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಪದರವೊಂದು ಎದ್ದು ಹಿಂದಕ್ಕೆ ಮಡಿಯಿತು. ಅದು ಕಳಚಿ ಬೀಳುವುದಕ್ಕೆ ಮುನ್ನವೇ ಕೈ ನಿಂತಿತು. ಅದರ ಒಳಗೆ ಇನ್ನೊಂದು ಪದರ, ಅದರೊಳಗೆ ಮತ್ತೊಂದು. ಮರದ ನಾರು ತಾನಾಗಿಯೇ ಸೀಳಿ ಎಸಳಾಯಿತು. ಯಂತ್ರ ನಿಂತಾಗ ಕೊಂಬೆಯ ತುದಿಯಲ್ಲಿ ಸೇವಂತಿಗೆಯಂಥ ಹೂವೊಂದು ಅರಳಿತ್ತು. ಉಳಿದ ಕೊಂಬೆಯೇ ಅದಕ್ಕೆ ತೊಟ್ಟು. ಅರಗು ಹಚ್ಚುವ ಕೆಲಸಕ್ಕೆ ಮರ ಚೆನ್ನಾಗಿ ಒಣಗಿರಬೇಕು, ಈ ಹೂವಿಗೆ ಮಾತ್ರ ಹಸಿಯಾಗಿರಬೇಕು. “ಒಣಗಿದ್ದು ಮುರಿಯುತ್ತೆ, ಹಸಿಯಾದರೆ ಬಗ್ಗುತ್ತೆ” ಎಂದರು. ಆಮೇಲೆ, “ಇದನ್ನು ಕಡೆಯೋಕೆ ಕೈ ಹಗುರ ಇರಬೇಕು ಮೇಷ್ಟ್ರೆ” ಎಂದರು.

ಕಡೆಯೋಕೆ! ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಕೆಂಪು ಶಾಯಿ ಕಣ್ಣಿಗೆ ಕಟ್ಟಿತು.

ಊರಿಗೆ ಬಂದವನು ನಿಘಂಟು ತೆರೆದೆನು. 1894ರಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ‘ಕಡೆ’ ಧಾತುವಿಗೆ ಮೊಸರು ಕಡೆಯುವುದೂ ಅರ್ಥ, ಮರವನ್ನು ತಿರುಗಿಸಿ ರೂಪಿಸುವುದೂ ಅರ್ಥ. ಎರಡೂ ಒಂದೇ ಏಕೆಂದು ಯೋಚಿಸಿದರೆ ಅಡುಗೆಮನೆಯೇ ಉತ್ತರ ಹೇಳುತ್ತದೆ. ಕಡೆಗೋಲಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯುತ್ತೇವಷ್ಟೆ. ವಿದ್ಯುತ್ತು ಬರುವುದಕ್ಕೆ ಮುಂಚೆ ಮರದ ತುಂಡನ್ನೂ ಹಾಗೆಯೇ ಹಗ್ಗದಿಂದಲೋ ಬಿಲ್ಲಿನಿಂದಲೋ ತಿರುಗಿಸುತ್ತಿದ್ದರು. ಬೇಲೂರು ಹಳೇಬೀಡುಗಳ ಗುಡಿಗಳಲ್ಲಿ ಬಳೆ ಬಳೆಯಾಗಿ ನುಣುಪಾಗಿರುವ ಕಂಬಗಳನ್ನು ನೋಡಿದ್ದೀರಿ. ಅವು ಕಡಿದ ಕಂಬಗಳಲ್ಲ, ಕಡೆದ ಕಂಬಗಳು. ಇನ್ನು ನಮ್ಮ ಹೊಸೂರಿನ ಬೀದಿಗೆ ಬನ್ನಿ. ತಮಿಳರು ಈ ಕೆಲಸವನ್ನು ‘ಕಡೈಸಲ್’ ಎನ್ನುತ್ತಾರೆ, ಮಲೆಯಾಳಿಗಳು ‘ಕಡಚ್ಚಿಲ್’ ಎನ್ನುತ್ತಾರೆ. ನೆರೆಯ ಭಾಷೆಯ ಸೋಂಕೆಂದು ನಾನು ತಿದ್ದಿದ ಮಾತು ನಮ್ಮೆಲ್ಲರ ಮನೆಯ ಹಳೆಯ ಆಸ್ತಿ.

ಮರದ ಹೆಸರೂ ಹಾಗೆಯೇ. ಚನ್ನಪಟ್ಟಣದವರು ‘ಆಲೆ ಮರ’ವೆನ್ನುವುದು ಆಲದ ಮರವಲ್ಲ, ಅದು ಹಾಲೆ. ತಮಿಳಿನಲ್ಲಿ ಅದೇ ವೆಟ್ಪಾಲೈ, ಮಲೆಯಾಳದಲ್ಲಿ ದಂತಪ್ಪಾಲ. ಗಾಯ ಮಾಡಿದರೆ ಹಾಲು ಒಸರುವ ಮರ, ಒಳಗೆ ಆನೆಯ ದಂತದ ಬಿಳುಪು. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಳಿಗೂ ಇದೇ ಮರ. ಅಲ್ಲಿ ಅದು ಅಂಕುಡು. ಹಳಗನ್ನಡದ ಪಕಾರವು ಹಕಾರವಾಗಿ, ಆಡುಮಾತಿನಲ್ಲಿ ಆ ಹಕಾರವೂ ಉದುರಿಹೋಗುವ ಕ್ರಮವನ್ನು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಮರ ಮಾತ್ರ ಯಾವುದೆಂದು ಅರಿಯೆನು.

ಆ ಹುಡುಗನು ಆಗಲೇ ಶಾಲೆ ಬಿಟ್ಟು ಇಲ್ಲಿಯ ಕಾರ್ಖಾನೆಯೊಂದಕ್ಕೆ ಸೇರಿದ್ದನು. ಸಾಹೇಬರು ಕೊಟ್ಟ ಹೂವನ್ನು ಹಿಡಿದು ಒಂದು ಭಾನುವಾರ ಅವನ ಮನೆಗೆ ಹೋದೆನು. ನಡುಮನೆಯಲ್ಲಿ ತೊಟ್ಟಿಲಿತ್ತು, ಅದರಲ್ಲಿ ಅವನ ಅಕ್ಕನ ಕೂಸು ಮಲಗಿತ್ತು. ತೊಟ್ಟಿಲಿನ ನಾಲ್ಕು ಮೂಲೆಗಳಲ್ಲಿಯೂ ಅರಗಿನ ಕೆಂಪು ಸವೆದ ತಾವರೆ ಮೊಗ್ಗುಗಳು. ತಾತ ತೀರಿಕೊಂಡು ಒಂದು ವರ್ಷವಾಗಿತ್ತು. ನಾನು ನನ್ನ ತಪ್ಪನ್ನು ಒಪ್ಪಿಕೊಂಡೆನು. ಅವನು ಬಹಳ ಸಂಕೋಚದಿಂದ, “ಅವತ್ತು ತಾತನಿಗೆ ನೋಟ್‌ಬುಕ್ ತೋರಿಸಿದ್ದೆ ಸಾರ್. ಕಡೆಯೋದು ಅನ್ನೋದು ತಪ್ಪಂತೆ ತಾತ ಅಂದೆ. ಮೇಷ್ಟ್ರು ಓದಿದೋರು, ಅವರು ಹೇಳಿದ್ದೇ ಸರಿ ಇರಬೇಕು ಕಣಪ್ಪ ಅಂದರು” ಎಂದನು.

ಹೂವನ್ನು ಅವನ ಕೈಗೆ ಕೊಟ್ಟೆನು. ಅವನು ತಿರುಗಿಸಿ ನೋಡಿ, “ಹಸಿ ಕೊಂಬೆಯಲ್ಲಿ ಮಾಡಿದ್ದಾರೆ” ಎಂದು ಮಾತ್ರ ಹೇಳಿ, ತೊಟ್ಟಿಲಿನ ಹಗ್ಗದ ಗಂಟಿಗೆ ಸಿಕ್ಕಿಸಿದನು.

ಅಂದಿನಿಂದ ಒಂದು ನೋಟ್‌ಬುಕ್ಕನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದೇನೆ. ಮರಗೆಲಸ, ನೇಯ್ಗೆ, ಕುಂಬಾರಿಕೆ, ಗಾಣ ಇವುಗಳಲ್ಲಿ ಕೈ ಪಳಗಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿರುತ್ತೇನೆ. ತಮ್ಮ ಕೆಲಸದ ಮಾತುಗಳನ್ನು ದಯಮಾಡಿ ಬರೆಸಿ ಹೋಗಬೇಕು. ಈ ಬಾರಿ ನೀಲಿ ಶಾಯಿ ತಂದಿದ್ದೇನೆ.