ಲೆಕ್ಕಕ್ಕೆ ಬಾರದ ಸಾವು
(ಇಟ್ಟಂಗಿಹಾಳದಲ್ಲಿ ಮಾಡಿದ ಭಾಷಣ)



ವಿಜಯಪುರದ ಜೈಲಿನ ಗೋಡೆಯನ್ನು ನೀವೆಲ್ಲ ಹೊರಗಿನಿಂದ ಕಂಡವರು. ಒಳಗೆ ಹೋದವನು ಹೇಗಿದ್ದಾನೆಂದು ಕೇಳುವ ಧೈರ್ಯ ನಮಗಾಗುವುದಿಲ್ಲ. "ಏನೋ ಮಾಡಿರಬೇಕು, ಅದಕ್ಕೇ ಒಯ್ದಿದ್ದಾರೆ" ಎಂದು ಕಟ್ಟೆಯ ಮೇಲೆ ಕುಳಿತು ನಾವೇ ತೀರ್ಪು ಕೊಟ್ಟುಬಿಡುತ್ತೇವೆ.

ಹಾಗಾದರೆ ಸ್ನೇಹಲತಾ ರೆಡ್ಡಿಯವರು ಏನು ಮಾಡಿದ್ದರು? 1970ರ 'ಸಂಸ್ಕಾರ' ಚಿತ್ರದ ಚಂದ್ರಿ ಅವರೇ. ಲೋಹಿಯಾರ ವಿಚಾರಕ್ಕೆ ಒಲಿದವರು, ಜಾರ್ಜ್ ಫರ್ನಾಂಡಿಸರ ಗೆಳತಿ. ತುರ್ತು ಪರಿಸ್ಥಿತಿಯ ಕಾಲ. 1976ರ ಮೇ 2ರಂದು ಅವರ ದಸ್ತಗಿರಿಯಾಯಿತು. ಅದಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ಸ್ಥಾನಬದ್ಧರು ಬಿಡುಗಡೆ ಬೇಡಿ ಹೈಕೋರ್ಟಿಗೆ ಹೋಗಲಾಗದೆಂದು ಸುಪ್ರೀಮ್ ಕೋರ್ಟೇ ತೀರ್ಪಿತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಹಿಡಿದಂತಾಯಿತು! ಬರೋಡಾ ಡೈನಮೈಟ್ ಮೊಕದ್ದಮೆಯ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಆದರೂ ಮೀಸಾ ಕಾಯದೆಯ ಕೆಳಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದರು.

ಅವರಿಗೆ ದಮ್ಮಿನ ರೋಗವಿತ್ತು. ಅರಳೆಯ ಧೂಳಿನಲ್ಲಿ ದುಡಿದ ನಿಮಗೆ ದಮ್ಮು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ರಾತ್ರಿ ಅವರು ಕೂಗುತ್ತಿದ್ದುದು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ಮುಂದೆ ಬರೆದಿದ್ದಾರೆ. ಆ ಸ್ಥಿತಿಯಲ್ಲಿಯೂ ಈ ತಾಯಿ ಬಡ ಹೆಣ್ಣುಕೈದಿಗಳನ್ನು ಹೊಡೆಯುವುದರ ವಿರುದ್ಧ ದನಿ ಎತ್ತಿದರು, ದಿನಚರಿ ಬರೆದಿಟ್ಟರು. ದೇಹ ಪೂರಾ ಸೋತ ಮೇಲೆ, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. 20ರಂದು ತೀರಿಕೊಂಡರು.

ಐದೇ ದಿನ. ಸತ್ತದ್ದು ಜೈಲಿನ ಹೊರಗೆ. ಹೊರಗೆ ಸತ್ತವರನ್ನು ಜೈಲಿನ ಲೆಕ್ಕದಲ್ಲಿ ಯಾರು ಬರೆಯುತ್ತಾರೆ?

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಅದೇ 1977ರಲ್ಲಿ ದಕ್ಷಿಣ ಆಫ್ರಿಕದ ಪೋಲೀಸರು ಸ್ಟೀವ್ ಬೀಕೋ ಎಂಬ ಕರಿಯರ ಮುಂದಾಳುವಿನ ತಲೆಗೆ ಪೆಟ್ಟು ಬಿದ್ದ ಮೇಲೆ, ಬೆತ್ತಲೆಯಾಗಿ ಗಾಡಿಯಲ್ಲಿ ಮಲಗಿಸಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಪ್ರಿಟೋರಿಯಾಕ್ಕೆ ಸಾಗಿಸಿದರು. ಸೆಪ್ಟೆಂಬರ 12ರಂದು ಆತ ಸತ್ತ. ಮಂತ್ರಿಯ ಮೊದಲ ಮಾತು ಉಪವಾಸದ ಕಡೆಗೆ ಬೆರಳು ತೋರಿಸಿತು. ಸಾಯುವವನನ್ನು ತಮ್ಮ ಕೈಯಿಂದ ದಾಟಿಸುವ ಕಲೆ ಎಲ್ಲ ಸರಕಾರಗಳಿಗೂ ಗೊತ್ತು.

ಅಂಗಡಿಕಾರ ಬಂಧುಗಳು ಇದು ರಾಜಕಾರಣಿಗಳ ಪಾಡೆಂದು ತಿಳಿಯಬೇಡಿರಿ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಮ್‌ನಲ್ಲಿ ಜಯರಾಜ್, ಬೆನಿಕ್ಸ್ ಎಂಬ ತಂದೆ-ಮಗನನ್ನು ಠಾಣೆಗೆ ಒಯ್ದರು. ಲಾಕ್‌ಡೌನಿನಲ್ಲಿ ಮೊಬೈಲ್ ಅಂಗಡಿಯನ್ನು ಹೊತ್ತು ಮೀರಿ ತೆರೆದಿಟ್ಟರೆಂಬುದು ಅವರ ಮೇಲಿನ ಆರೋಪ. ಠಾಣೆಯಲ್ಲಿ ಹೊಡೆತ, ಅಲ್ಲಿಂದ ಸಬ್‌ಜೈಲು, ಅಲ್ಲಿಂದ ಆಸ್ಪತ್ರೆ. ಕೆಲವೇ ಗಂಟೆಗಳ ಅಂತರದಲ್ಲಿ ಇಬ್ಬರೂ ಸತ್ತರು.

ಇನ್ನು ನಮ್ಮ ಕೈಯಲ್ಲಿರುವುದನ್ನು ಹೇಳುತ್ತೇವೆ. ಡಿ. ಕೆ. ಬಸು ಖಟ್ಲೆಯಲ್ಲಿ 1996ರಲ್ಲಿ ಸುಪ್ರೀಮ್ ಕೋರ್ಟು ಕಟ್ಟಳೆ ಮಾಡಿದೆ. ಹಿಡಿದ ದಿನ, ವೇಳೆ ಬರೆದ ಕಾಗದ ಆಗಬೇಕು. ಅದಕ್ಕೆ ಮನೆಯವರದೋ ಊರ ಹಿರಿಯರದೋ ಸಾಕ್ಷಿಯ ಸಹಿ ಬೀಳಬೇಕು. ಸಂಬಂಧಿಕರಿಗೆ ಸುದ್ದಿ ಮುಟ್ಟಬೇಕು. ಹಿಡಿದಾಗ ಮೈಮೇಲೆ ಇದ್ದ ಗಾಯಗಳನ್ನು ಬರೆಯಿಸಿಕೊಳ್ಳಬಹುದು. 48 ತಾಸಿಗೊಮ್ಮೆ ಡಾಕ್ಟರು ನೋಡಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಕಸ್ಟಡಿಯಲ್ಲಿ ಸತ್ತರೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕೆಂದು 2005ರ ತಿದ್ದುಪಡಿ ಹೇಳಿತು. ಆದರೆ ಬಿಟ್ಟು ಐದು ದಿನಕ್ಕೆ ಸತ್ತರೆ? ಕಾಗದವಿಲ್ಲದೆ ಬಾಯಿಮಾತು ಅಲ್ಲಿ ನಿಲ್ಲುವುದಿಲ್ಲ. ಆದುದರಿಂದ ಬಿಡುಗಡೆಯಾಗಿ ಬಂದವನು ನರಳುತ್ತಿದ್ದರೆ ಅಂದೇ ಸರಕಾರಿ ದವಾಖಾನೆಗೆ ಒಯ್ಯಿರಿ, ಚೀಟಿಯಲ್ಲಿ ತಾರೀಖು ಹಾಕಿಸಿರಿ, ಚೀಟಿಯನ್ನು ಜೋಪಾನವಾಗಿ ಇಡಿರಿ.

ಫೌಜದಾರರ ಮುಂದೆ ಒಬ್ಬರೇ ಹೋಗಬೇಡಿರಿ, ನಾಲ್ಕು ಮಂದಿ ಕೂಡಿ ಹೋಗಿರಿ. ಈ ಕಟ್ಟಳೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇವೆ. ಸಭೆ ಮುಗಿದ ಮೇಲೆ ಒಯ್ಯಿರಿ. ಓದಲು ಬಾರದವರು ಇಲ್ಲಿಯೇ ಕುಳಿತಿರಿ, ಓದಿ ಹೇಳುತ್ತೇವೆ.