ಮನಸ್ಸಿನ ಬೇನೆಗೆ ಇಟ್ಟ ಅಂಕವನ್ನು ಪ್ರಶ್ನಿಸುವುದು ಹೇಗೆ?

(ಗುಡ್ಡಾಪುರದಲ್ಲಿ ಕೂಡಿದ ಕಾರ್ಮಿಕ ಕುಟುಂಬಗಳ ಮುಂದೆ ಆಡಿದ ಮಾತು)



ಗುಡ್ಡಾಪುರ ಎಂದೊಡನೆ ಕನ್ನಡ ಜನರಿಗೆಲ್ಲ ದಾನಮ್ಮನ ನೆನಪಾಗುತ್ತದೆ. ಆ ಶರಣೆ ಹುಟ್ಟಿದ್ದು ಇದೇ ಜತ್ತ ತಾಲೂಕಿನ ಉಮರಾಣಿಯಲ್ಲಿ ಎಂದೂ, ಕೈಯೆತ್ತಿ ಕೊಡುತ್ತಿದ್ದುದರಿಂದ ಲಿಂಗಮ್ಮ ಎಂಬ ಹೆಸರು ಹೋಗಿ ದಾನಮ್ಮ ಆಯಿತೆಂದೂ ಇಲ್ಲಿಯ ಹಿರಿಯರು ಹೇಳುತ್ತಾರೆ. ದಾನ ಕೊಡುವವರ ಇಷ್ಟ. ಕೊಡಲಿಲ್ಲವೆಂದು ಯಾರೂ ಜಗಳ ತೆಗೆಯುವಂತಿಲ್ಲ. ಆದರೆ ಕಾಯಿದೆಯ ಪ್ರಕಾರ ಬರಬೇಕಾದ ಮಾಸಾಶನ ಬೇರೆ ಸಂಗತಿ. ಅದು ಬರದಿದ್ದರೆ ಏಕೆ ಬರಲಿಲ್ಲ ಎಂದು ಕೇಳಬಹುದು, ಉತ್ತರವನ್ನು ಕಾಗದದ ಮೇಲೆ ಪಡೆಯಬಹುದು, ಆ ಉತ್ತರ ಒಪ್ಪಿಗೆಯಾಗದಿದ್ದರೆ ಮೇಲಿನವರ ಬಳಿ ಹೋಗಬಹುದು. ನಾವು ಇಂದು ಮಾತಾಡುವುದು ಈ ಕೇಳುವ ವಿಷಯವನ್ನೇ.

ಮರದಿಂದ ಬಿದ್ದು ಕೈ ಮುರಿದವನಿಗೆ ಅಂಗವಿಕಲ ಪತ್ರ ಸಿಗುತ್ತದೆಂಬುದು ನಮ್ಮ ಎಸ್ಟೇಟ್ ಲೈನುಗಳಲ್ಲಿ ಎಲ್ಲರಿಗೂ ಗೊತ್ತು. ಹತ್ತು ವರ್ಷದಿಂದ ಯಾರೊಡನೆಯೂ ಮಾತಾಡದೆ, ಗೋಡೆಗೆ ಮುಖ ಮಾಡಿ ಕುಳಿತ ಮಗನಿಗೂ ಸಿಗುತ್ತದೆಂಬುದು ಎಷ್ಟು ಮನೆಗಳಿಗೆ ಗೊತ್ತಿದೆ? 1995ರ ಅಂಗವಿಕಲರ ಕಾಯಿದೆಯಲ್ಲಿಯೇ ಮಾನಸಿಕ ಕಾಯಿಲೆ ಸೇರಿತ್ತು. ಅದರ ಬದಲಿಗೆ ಬಂದ 2016ರ ಕಾಯಿದೆ 2017ನೇ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಹೇಳುವ 21 ವಿಧಗಳಲ್ಲಿ ಇದೂ ಒಂದು. ಆಲೋಚನೆ, ಮನೋಭಾವ, ನೆನಪು ಇವು ಕೆಟ್ಟು, ದಿನದ ಬದುಕನ್ನು ನಡೆಸಲಾರದಷ್ಟು ತೊಂದರೆಯಾದರೆ ಅದು ಕಾಯಿದೆಯ ಕಣ್ಣಿನಲ್ಲಿಯೂ ವೈಕಲ್ಯವೇ.

ಕಷ್ಟವಿರುವುದು ಅಳತೆಯಲ್ಲಿ. ಶೇಕಡಾ 40 ಎಂಬುದು ಒಂದು ಗೆರೆ. ಅದರ ಕೆಳಗೆ ಬಿದ್ದರೆ ಕೈಯಲ್ಲಿ ಪತ್ರವಿದ್ದರೂ ಮಾಸಾಶನವಿಲ್ಲ. ಮುರಿದ ಕಾಲನ್ನು ಅಳೆಯಬಹುದು, ಮನಸ್ಸನ್ನು ಯಾವ ಪಟ್ಟಿಯಿಂದ ಅಳೆಯುವುದು? ಭಾರತೀಯ ಮನೋವೈದ್ಯರ ಸಂಘದವರು ಇದಕ್ಕೊಂದು ಅಳತೆಗೋಲು ಮಾಡಿದರು. ಐಡಿಯಾಸ್ ಎಂದು ಅದರ ಹೆಸರು. 2002ರಲ್ಲಿ ಸರಕಾರ ಅದನ್ನು ಒಪ್ಪಿತು, 2018ರ ಮಾರ್ಗಸೂಚಿಯಲ್ಲಿಯೂ ಅದನ್ನೇ ಉಳಿಸಿಕೊಂಡಿತು. ಈ ಲೆಕ್ಕವನ್ನು ನೀವು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು. ಏಳನೆಯ ತರಗತಿಯ ಹುಡುಗಿಯೂ ಮಾಡಬಹುದಾದ ಕೂಡುವ ಲೆಕ್ಕ ಇದು.

ನಾಲ್ಕು ವಿಷಯಗಳನ್ನು ನೋಡುತ್ತಾರೆ. ತನ್ನ ಮೈ, ಬಟ್ಟೆ, ಊಟ ತಾನು ನೋಡಿಕೊಳ್ಳುವುದು, ಜನರೊಡನೆ ಹೊಂದಿಕೊಂಡಿರುವುದು, ಹೇಳಿದ್ದು ತಿಳಿಯುವುದು ಮತ್ತು ತನ್ನ ಮಾತು ತಿಳಿಸುವುದು, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ತೊಂದರೆ ಹೆಚ್ಚಾದಷ್ಟೂ ಅಂಕ ಹೆಚ್ಚು. ಆಮೇಲೆ ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಬೇರೆ ಅಂಕ: ಎರಡು ವರ್ಷಕ್ಕೆ ಕಡಿಮೆಯಾದರೆ 1, ಎರಡರಿಂದ ಐದಾದರೆ 2, ಆರರಿಂದ ಹತ್ತಾದರೆ 3, ಹತ್ತು ದಾಟಿದರೆ 4. ಎಲ್ಲ ಕೂಡಿಸಿ 20ಕ್ಕೆ ಲೆಕ್ಕ. 6ರವರೆಗೆ ಬಂದರೆ ಶೇಕಡಾ 40ಕ್ಕಿಂತ ಕೆಳಗೆ. 7 ಬಂದರೆ ಗೆರೆ ದಾಟಿತು. 14 ಮತ್ತು ಅದರ ಮೇಲೆ ಬಂದರೆ ಶೇಕಡಾ 71ರಿಂದ ಮೇಲಿನದು.

ಈಗ ಒಂದು ಮನೆಯ ಮಾತು ಹೇಳುತ್ತೇವೆ. ಊರು, ಆಸ್ಪತ್ರೆ ಬೇಡ. ಮಗನಿಗೆ ನಾಲ್ಕು ವರ್ಷದ ಬೇನೆ. ಬೋರ್ಡಿನ ಮುಂದೆ ಹೋಗುವ ದಿನ ತಾಯಿ ಬೆಳಗಿನ ನಾಲ್ಕು ಗಂಟೆಗೆ ಎದ್ದು, ನೀರು ಕಾಯಿಸಿ, ಅವನನ್ನು ಹೊಸ್ತಿಲ ಹೊರಗೆ ಕೂಡ್ರಿಸಿ, ತಾನೇ ಮೈ ತೊಳೆದು, ಎಣ್ಣೆ ಹಚ್ಚಿ, ತಮ್ಮನ ಹೊಸ ಅಂಗಿ ಹಾಕಿ ಕರೆದುಕೊಂಡು ಹೋದಳು. ವೈದ್ಯರು ಕೇಳಿದರು, "ಸ್ನಾನ ಮಾಡ್ತಾನೇನಮ್ಮಾ?" ತಾಯಿ ಅಂದಳು, "ಹೌದ್ರೀ ಸಾಹೇಬ್ರ, ದಿನಾ ಮಾಡ್ತಾನ." ಆ ಸಾಲಿಗೆ ಸೊನ್ನೆ ಬಿತ್ತು. ಜನರೊಡನೆ ಇರುವುದಕ್ಕೆ 1, ಮಾತು ತಿಳಿಯುವುದಕ್ಕೆ 1, ಕೆಲಸಕ್ಕೆ 2, ವರ್ಷದ ಲೆಕ್ಕಕ್ಕೆ 2. ಒಟ್ಟು 6. "ನಾನೇ ಮಾಡಿಸ್ತೀನಿ ಸಾಹೇಬ್ರ, ನಾನು ಮಾಡಿಸದಿದ್ದರೆ ವಾರಗಟ್ಟಲೆ ಹಾಗೇ ಇರ್ತಾನ" ಎಂದಿದ್ದರೆ ಅಲ್ಲಿ ಕನಿಷ್ಠ 1 ಬರುತ್ತಿತ್ತು, ಒಟ್ಟು 7 ಆಗುತ್ತಿತ್ತು. ಒಂದು ಅಂಕ. ತಾಯಿ ಸುಳ್ಳು ಹೇಳಬೇಕೆಂದು ಹೇಳಿದವಳಲ್ಲ. ಹತ್ತು ಜನರ ಮುಂದೆ ಮಗನ ಮಾನ ಮುಚ್ಚಿದಳು. ಯಾವ ತಾಯಿಯೂ ಅದನ್ನೇ ಮಾಡಿಯಾಳು.

ಆದ್ದರಿಂದ ನಾವು ಮೊದಲು ಹೇಳುವುದು ಇದು: ಅಲ್ಲಿ ಹೋದಾಗ ಒಳ್ಳೆಯ ದಿನದ ಮಾತನ್ನಷ್ಟೇ ಆಡಬೇಡಿರಿ. ಈ ಬೇನೆ ಏರುತ್ತದೆ, ಇಳಿಯುತ್ತದೆ. ಬೋರ್ಡಿನ ದಿನ ಅವನು ಶಾಂತವಾಗಿ ನಾಲ್ಕು ಮಾತಾಡಿದರೆ, ಕಳೆದ ತಿಂಗಳು ರಾತ್ರಿಯೆಲ್ಲ ನಿದ್ದೆಯಿಲ್ಲದೆ ತೋಟದಲ್ಲಿ ಅಲೆದದ್ದು ಅವರಿಗೆ ಹೇಗೆ ತಿಳಿಯಬೇಕು? ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಮೂರು ತಿಂಗಳು ಬರೆದಿಡಿರಿ. ಯಾವ ದಿನ ಊಟ ಬಿಟ್ಟ, ಯಾವ ದಿನ ಮಾತ್ರೆಯನ್ನು ಕೈಹಿಡಿದು ನುಂಗಿಸಬೇಕಾಯಿತು, ಯಾವ ದಿನ ಕೆಲಸಕ್ಕೆ ಹೋಗಿ ಅರ್ಧಕ್ಕೆ ಬಂದ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ಬರೆಯಲಿ. ಬಟ್ಟೆ ಚೆನ್ನಾಗಿಯೇ ಹಾಕಿಸಿ ಕರೆದುಕೊಂಡು ಹೋಗಿರಿ, ಹಾಕಿಸಿದವರು ಯಾರೆಂದು ಮಾತ್ರ ಹೇಳಿರಿ.

ಎಸ್ಟೇಟಿನವರಿಗೆ ಕೆಲಸದ ಸಾಲಿನಲ್ಲಿ ಬೇರೊಂದು ತೊಡಕಿದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ತಿಂಗಳಿಗೆ ಇಪ್ಪತ್ತು ದಿನ ಬಿದ್ದಿರುತ್ತದೆ. ಹಣ್ಣು ಕೊಯ್ಯುವ ಕಾಲದಲ್ಲಿ ಅವನ ಚೀಲ ತುಂಬಿಸುವವಳು ಹೆಂಡತಿ. ತೂಕವಾಗುವುದು ಅವನ ಹೆಸರಿನಲ್ಲಿ. ಹಾಗೆ ಮಾಡದಿದ್ದರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಲೈನ್ ಮನೆಯೂ ಹೋದೀತೆಂಬ ಭಯ. ಭಯ ನಿಜವಾದದ್ದೇ, ಅದನ್ನು ನಾವು ತಪ್ಪೆನ್ನಲಾರೆವು. ಆದರೆ ವೈದ್ಯರಿಗೆ ಮಾತ್ರ ನಿಜ ಸ್ಥಿತಿ ತಿಳಿಯಬೇಕು. ಜೊತೆಯಲ್ಲಿ ಕೆಲಸ ಮಾಡಿದವರು, ಆಶಾ ಕಾರ್ಯಕರ್ತೆ, ಮೇಸ್ತ್ರಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದನ್ನು ಅರ್ಜಿಗೆ ಸೇರಿಸಬಹುದು. ಹೆಂಗಸರ ವಿಷಯವನ್ನೂ ಮರೆಯಬಾರದು. ಆ ಅಳತೆಗೋಲಿನಲ್ಲಿ ಮನೆಗೆಲಸವೂ ಕೆಲಸವೇ. ಒಲೆ ಹಚ್ಚಿ ಮರೆತುಬಿಡುವ, ಮಗುವಿಗೆ ಹಾಲೂಡಿಸಲಾರದೆ ಕುಳಿತುಬಿಡುವ ತಾಯಿಗೆ "ಇವಳು ಹೇಗೂ ಮನೆಯಲ್ಲೇ ಇರುವವಳು" ಎಂದು ಸೊನ್ನೆ ಹಾಕಿದ್ದರೆ ಅದು ಸರಿಯಲ್ಲ.

ಇನ್ನು ವರ್ಷಗಳ ಲೆಕ್ಕ. ನಮ್ಮಲ್ಲಿ ಬೇನೆ ಕಂಡ ಮೊದಲ ಎರಡು ಮೂರು ವರ್ಷ ಆಸ್ಪತ್ರೆಯ ಮುಖ ಕಾಣುವುದಿಲ್ಲ. ಗುಡಿ, ದರ್ಗಾ, ಪ್ರಾರ್ಥನೆಯ ಕೂಟ, ತಾಯಿತ ಎಂದು ಓಡಾಡುತ್ತೇವೆ. ಅಲ್ಲೆಲ್ಲಿಯೂ ಚೀಟಿ ಕೊಡುವುದಿಲ್ಲ. ಮೊದಲ ಆಸ್ಪತ್ರೆ ಚೀಟಿಯ ತಾರೀಖಿನಿಂದಲೇ ಎಣಿಸಿದರೆ ಏಳು ವರ್ಷದ ಕಾಯಿಲೆ ನಾಲ್ಕು ವರ್ಷದ್ದಾಗುತ್ತದೆ, 3 ಬರಬೇಕಾದಲ್ಲಿ 2 ಬರುತ್ತದೆ. ಶಾಲೆ ಬಿಟ್ಟ ವರ್ಷ, ಕೆಲಸ ಬಿಟ್ಟ ವರ್ಷ, ಮದುವೆ ಮುರಿದ ವರ್ಷ, ಇವನ್ನು ನೆನಪು ಮಾಡಿ ಹೇಳಿರಿ. ಹಳೆಯ ಚೀಟಿ ಎಂಥ ಹರಕಾಗಿದ್ದರೂ ಎಸೆಯಬೇಡಿರಿ. ಕಳೆದುಹೋಗಿದ್ದರೆ, ತನ್ನ ಚಿಕಿತ್ಸೆಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ರೋಗಿಗೆ 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಇದೆ.

ಭಾಷೆಯ ಮಾತೂ ಇದೆ. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮರಾಠಿಯಲ್ಲಿ ಕೇಳಿದ್ದಕ್ಕೆ ಅವನು ಸುಮ್ಮನಿದ್ದರೆ ಅದು ಬೇನೆಯೋ, ಭಾಷೆ ಬಾರದ್ದೋ? ಅರ್ಥವಾಗದೆ ಎಲ್ಲದಕ್ಕೂ "ಹೋ, ಹೋ" ಎಂದು ತಲೆಯಾಡಿಸಿದರೆ ಎಲ್ಲ ಸರಿಯಿದೆ ಎಂದಾಯಿತು. ಕನ್ನಡ ಬಲ್ಲವರನ್ನು ಕರೆಸಿರೆಂದು ಮೊದಲೇ ಕೇಳಿರಿ, ಅಥವಾ ಎರಡೂ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿರಿ.

ಗಡಿಯವರಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿಯವರಿಗೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ, ಕೆಲವರು ಧಾರವಾಡದ ಆಸ್ಪತ್ರೆಗೆ ಹೋಗುತ್ತಾರೆ. ಪತ್ರಕ್ಕೆ ಅರ್ಜಿಯನ್ನು ಸ್ವಂತ ಜಿಲ್ಲೆಯಲ್ಲಿ ಕೊಡಬಹುದು, ಇಲ್ಲವೆ ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯಲ್ಲಿಯೂ ಕೊಡಬಹುದೆಂದು 2017ರ ನಿಯಮಗಳು ಹೇಳಿವೆ. ಅಲ್ಲಿ ಕೊಟ್ಟ ಪತ್ರ ದೇಶಕ್ಕೆಲ್ಲ ನಡೆಯುತ್ತದೆ. ಕಬ್ಬು ಕಡಿಯಲು ಹೋಗುವವರಿಗೂ, ಕಾಫಿ ತೋಟಕ್ಕೆ ಹೋದವರಿಗೂ ಇದು ದೊಡ್ಡ ಮಾತು. ಆದರೆ ಪತ್ರ ಬೇರೆ, ಮಾಸಾಶನ ಬೇರೆ. ಮಾಸಾಶನವನ್ನು ಕೊಡುವುದು ನೀವು ವಾಸಿಗಳೆಂದು ದಾಖಲಾದ ರಾಜ್ಯ. ಮಹಾರಾಷ್ಟ್ರದಲ್ಲಿ ಅದು ಸಂಜಯ ಗಾಂಧಿ ನಿರಾಧಾರ ಯೋಜನೆ. ತಿಂಗಳಿಗೆ 1500 ರೂಪಾಯಿ ಇದ್ದದ್ದನ್ನು ಅಂಗವಿಕಲರಿಗೆ 2500 ಮಾಡಲು 2025ರಲ್ಲಿ ಸರಕಾರ ತೀರ್ಮಾನಿಸಿತು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಶೇಕಡಾ 80 ಬೇಕು, ಕೊಡುವುದು 300 ರೂಪಾಯಿ. (ಅಷ್ಟು ವೈಕಲ್ಯವಿರುವವರಿಗೆ ಅಷ್ಟು ಹಣ! ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ.)

ಹೀಗೆ ಬಾಗಿಲು ಎರಡು ಇರುವುದರಿಂದ, ತಿರಸ್ಕಾರವಾದಾಗ ಯಾವ ಬಾಗಿಲಲ್ಲಿ ಆಯಿತೆಂದು ಮೊದಲು ತಿಳಿಯಬೇಕು. ಅಂಕ ಹಾಕಿದವರು ಆಸ್ಪತ್ರೆಯವರು. ಅವರ ತಪ್ಪಿಗೆ ತಹಸೀಲ್ದಾರರನ್ನು ಬೈದು ಪ್ರಯೋಜನವಿಲ್ಲ. ಆದಾಯದ ದಾಖಲೆ, ವಾಸದ ದಾಖಲೆ ಸಾಲದೆಂದರೆ ಅದು ತಹಸೀಲಿನ ಮಾತು.

ಅಂಕದಲ್ಲಿ ತಪ್ಪಾಗಿದ್ದರೆ ಏನು ಮಾಡಬೇಕು? ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ನಿಯಮವಿದೆ. "ಆಗೋದಿಲ್ಲ, ಹೋಗಿ" ಎಂಬ ಬಾಯಿಮಾತನ್ನು ಉತ್ತರವೆಂದು ತೆಗೆದುಕೊಳ್ಳಬೇಡಿರಿ. ನಾಲ್ಕು ಸಾಲಿನ ಅಂಕಗಳಿರುವ ಹಾಳೆಯ ಪ್ರತಿಯನ್ನು ಕೇಳಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಹಾಳೆ ಕೈಗೆ ಬಂದ ಮೇಲೆ ಯಾವ ಸಾಲಿನಲ್ಲಿ ಸೊನ್ನೆ ಬಿದ್ದಿದೆ, ವರ್ಷ ಎಷ್ಟು ಬರೆದಿದ್ದಾರೆ ನೋಡಿರಿ. ಮೇಲ್ಮನವಿಯಲ್ಲಿ ಬರೆಯಬೇಕಾದದ್ದು ಅಷ್ಟೇ: ಈ ಸಾಲಿನಲ್ಲಿ ಇಷ್ಟು ಹಾಕಿದ್ದೀರಿ, ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದು, ಇದಕ್ಕೆ ಆಧಾರ ಈ ಚೀಟಿ, ಈ ನೋಟ್‌ಬುಕ್ಕು, ಈ ಸಾಕ್ಷಿ, ಮತ್ತೊಮ್ಮೆ ಪರೀಕ್ಷೆ ಮಾಡಿರಿ. ನಾವು ಬಡವರು, ಕನಿಕರ ತೋರಿಸಿ ಎಂದು ಎರಡು ಪುಟ ಬರೆದದ್ದನ್ನು ನಾವು ನೋಡಿದ್ದೇವೆ. ಅದರಿಂದ ಒಂದು ಅಂಕವೂ ಏರುವುದಿಲ್ಲ.

ಈ ಮೇಲ್ಮನವಿಯ ಹಕ್ಕು 2016ರ ಕಾಯಿದೆಯ 59ನೆಯ ಕಲಮಿನಲ್ಲಿದೆ. ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಎಂಬುದನ್ನು ಆಯಾ ರಾಜ್ಯ ಗೊತ್ತುಮಾಡುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಸಿವಿಲ್ ಸರ್ಜನರ ಕಚೇರಿಗೆ ಹೋಗಿ, 59ನೆಯ ಕಲಮಿನ ಅಪೀಲು ಎಲ್ಲಿ ಎಂದು ಇದೇ ಮಾತಿನಲ್ಲಿ ಕೇಳಿರಿ. ಅವಧಿ ಮೀರಬಾರದು, ಪತ್ರ ಬಂದ ವಾರದಲ್ಲಿಯೇ ಓಡಾಡಿರಿ. ಅಲ್ಲಿಯೂ ಕಿವಿಗೊಡದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ, ಮಹಾರಾಷ್ಟ್ರದವರಿಗೆ ಪುಣೆಯಲ್ಲಿ, ಕರ್ನಾಟಕದವರಿಗೆ ಬೆಂಗಳೂರಿನಲ್ಲಿ. ವಕೀಲರಿಗೆ ಹಣವೆಲ್ಲಿ ಎಂದು ಕೇಳುವಿರಿ. ಅಂಗವಿಕಲರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ವಕೀಲರು ಉಚಿತ. ತಾಲೂಕು ಕೋರ್ಟಿನಲ್ಲಿಯೇ ಅದರ ಸಮಿತಿ ಇದೆ, ಫೋನು 15100.

ಕೋರ್ಟುಗಳು ಈ ವಿಷಯದಲ್ಲಿ ಏನೆಂದಿವೆ? 2021ನೇ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನಲ್ಲಿ ಒಂದು ತೀರ್ಪಾಯಿತು. ಕೇಂದ್ರ ಮೀಸಲು ಪೋಲೀಸಿನ ಅಧಿಕಾರಿಯೊಬ್ಬರಿಗೆ ಮನೋರೋಗವಿತ್ತು. ಶೇಕಡಾ 40ರಿಂದ 70 ಎಂದು ಆಸ್ಪತ್ರೆ ಬರೆದಿತ್ತು. ಅವರ ನಡತೆ ಸರಿಯಿಲ್ಲವೆಂದು ಇಲಾಖೆ ವಿಚಾರಣೆ ನಡೆಸಿತು. ನ್ಯಾಯಮೂರ್ತಿ ಚಂದ್ರಚೂಡರ ಪೀಠ, ಆ ನಡತೆಗೆ ರೋಗವೊಂದೇ ಕಾರಣವೆಂದು ತೋರಿಸಬೇಕಿಲ್ಲ, ಅದೂ ಒಂದು ಕಾರಣವಾಗಿದ್ದರೆ ಸಾಕು ಎಂದು ಹೇಳಿ ಅವರ ಪರವಾಗಿ ನಿಂತಿತು. 2024ನೇ ಅಕ್ಟೋಬರ್ 15ರ ತೀರ್ಪು ಬೊಂಬಾಯಿ ಹೈಕೋರ್ಟಿನಿಂದ ಹೋದದ್ದು. ಮಾತಿನ ತೊಂದರೆ ಇದ್ದ ವಿದ್ಯಾರ್ಥಿಯ ವೈದ್ಯಕೀಯ ಸೀಟಿನ ವಿಷಯ. ಬೋರ್ಡಿನವರು ಬರಿಯ ಶೇಕಡಾ ನೋಡಿ ಯಂತ್ರದ ಹಾಗೆ ತೀರ್ಮಾನಿಸಬಾರದು, ಕಾರಣ ಬರೆಯಬೇಕು ಎಂದು ಅಲ್ಲಿ ಹೇಳಲಾಯಿತು. ಎರಡೂ ನಮ್ಮ ಮಾಸಾಶನದ ತೀರ್ಪುಗಳಲ್ಲ. ಆದರೂ ಮೇಲ್ಮನವಿಯಲ್ಲಿ ವಕೀಲರು ಇವನ್ನು ಎತ್ತಿ ಹೇಳಬಹುದು.

ಎರಡು ಎಚ್ಚರಿಕೆ. ಬೋರ್ಡಿಗೆ ಮುಂಚೆ ಹದಿನೈದು ದಿನ ಮಾತ್ರೆ ನಿಲ್ಲಿಸಿರಿ, ಆಗ ಹುಚ್ಚು ಚೆನ್ನಾಗಿ ಕಾಣುತ್ತದೆ ಎಂದು ಹೇಳುವ ದಲ್ಲಾಳಿಗಳಿದ್ದಾರೆ. ಅವರ ಮಾತು ಕೇಳಬೇಡಿರಿ. ಮಾತ್ರೆ ನಿಂತು ಕೆಟ್ಟದ್ದು ಮತ್ತೆ ಸರಿಹೋಗಲು ವರ್ಷ ಹಿಡಿಯಬಹುದು, ಕೆಲವರ ಜೀವವೇ ಹೋಗಬಹುದು. ಮಾತ್ರೆ ತೆಗೆದುಕೊಂಡು ಸ್ವಲ್ಪ ಸುಧಾರಿಸಿದವನು ಗುಣವಾದವನೆಂದು ಅರ್ಥವಲ್ಲ. ಅದನ್ನೇ ವೈದ್ಯರ ಮುಂದೆ ಹೇಳಿರಿ. ಪತ್ರ ಮಾಡಿಸಿಕೊಡಲು ಹಣ ಕೇಳುವವರಿಗೂ ಕೊಡಬೇಡಿರಿ. ಓಡಾಟದ ನಡುವೆ ಅವನ ಸ್ಥಿತಿ ಕೆಟ್ಟರೆ, ಅಥವಾ ನೋಡಿಕೊಳ್ಳುವವರಿಗೇ ಸಾಕಾಯಿತೆನಿಸಿದರೆ, 14416ಕ್ಕೆ ಫೋನು ಮಾಡಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ ಎಂಬ ಸೇವೆ ಅದು, ಕನ್ನಡದಲ್ಲಿಯೂ ಮಾತಾಡುತ್ತಾರೆ, ಹಣ ಬೇಡ.

ಊಟದ ಮೇಲೆ ನಾವು ಇದೇ ಮರದ ಕೆಳಗೆ ಕೂಡುತ್ತೇವೆ. ಪತ್ರ ತಂದವರು, ತಿರಸ್ಕಾರದ ಕಾಗದ ತಂದವರು ಮೊದಲು ಬನ್ನಿರಿ. ಒಂದೊಂದೇ ಸಾಲು ಕೂಡಿಸಿ ನೋಡೋಣ. ಏನೂ ತರದವರು ಮನೆಗೆ ಹೋಗಿ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಚೀಟಿಗಳನ್ನು ಹುಡುಕಿರಿ, ಮೊಟ್ಟಮೊದಲನೆಯ ಚೀಟಿ ಸಿಕ್ಕಿತೆ ಎಂದು ಮುಂದಿನ ಕೂಟದಲ್ಲಿ ಕೇಳುತ್ತೇವೆ.